ಕ್ಯೂಎ, ಕ್ಯೂಸಿ, ಕ್ಯಾಲಿಬ್ರೇಷನ್: ರಿಜಿಸ್ಟರಿನಲ್ಲಿ ಯಾವ ಪದ ಎಲ್ಲಿಗೆ

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಮಿಲ್ಲಿರಲಿ, ಬಳ್ಳಾರಿಯ ಜೀನ್ಸ್ ಘಟಕವಿರಲಿ, ಕ್ವಾಲಿಟಿ ರಿಜಿಸ್ಟರ್ ತೆರೆದರೆ ಪುಟಕ್ಕೆ ನಾಲ್ಕು ಸಲ ಕಾಣುವ ಮಾತು ಒಂದೇ: "ಚೆಕ್ ಮಾಡಲಾಗಿದೆ, ಓಕೆ." ಏನನ್ನು ಚೆಕ್ ಮಾಡಿದ್ದು? ಚೀಲದಲ್ಲಿನ ಅಕ್ಕಿಯನ್ನೋ, ತೇವಾಂಶ ಅಳೆಯುವ ಮೀಟರನ್ನೋ, ಮಿಲ್ಲಿನ ಸೆಟ್ಟಿಂಗನ್ನೋ, ಹಿಂದಿನ ಪಾಳಿಯವರು ಬರೆದಿಟ್ಟ ಪುಟವನ್ನೋ? ಈ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ. ಪದ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ.

ನಿಘಂಟು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಪರಿಶೀಲನೆ, ತಪಾಸಣೆ, ದೃಢೀಕರಣ ಎಂಬ ಮಾತುಗಳನ್ನು ಒಬ್ಬೊಬ್ಬರು ಒಂದೊಂದಕ್ಕೆ ಬಳಸುತ್ತಾರೆ. ವೆರಿಫಿಕೇಷನ್, ವ್ಯಾಲಿಡೇಷನ್ ಎರಡಕ್ಕೂ 'ದೃಢೀಕರಣ' ಎಂದು ಬರೆದ ಕಡತಗಳೇ ಹೆಚ್ಚು. ಹಾಗಾಗಿ ಕೆಲಸದ ಜಾಗದಲ್ಲಿ ಆಡುವ ಪದಗಳನ್ನೇ ಇಟ್ಟುಕೊಂಡು, ಒಂದು ಲಾಟ್ ಭತ್ತದ ಬೆನ್ನು ಹಿಡಿದು ಹೋಗೋಣ. ಪ್ರತಿ ನಮೂದಿಗೂ ಕೇಳಬೇಕಾದ ಪ್ರಶ್ನೆ ಒಂದೇ: ನೋಡಿದ್ದು ಸರಕನ್ನೋ, ಸಾಧನವನ್ನೋ, ವಿಧಾನವನ್ನೋ, ದಾಖಲೆಯನ್ನೋ?

ಮೊದಲು ಮೀಟರ್: ಕ್ಯಾಲಿಬ್ರೇಷನ್, ಅಡ್ಜಸ್ಟ್‌ಮೆಂಟ್, ಮುದ್ರೆ

ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಪದ ಕ್ಯಾಲಿಬ್ರೇಷನ್. ಮೀಟರನ್ನು ರಿಪೇರಿ ಮಾಡುವುದು, ತಿರುಪು ತಿರುಗಿಸಿ ಸರಿಗೆ ತರುವುದು ಕ್ಯಾಲಿಬ್ರೇಷನ್ ಅಲ್ಲ. ಮೀಟರ್ ತೋರಿಸುವುದಕ್ಕೂ ನಿಜವಾಗಿ ಇರುವುದಕ್ಕೂ ಎಷ್ಟು ಅಂತರ ಎಂದು ಕಂಡುಕೊಂಡು ಬರೆದಿಡುವುದಷ್ಟೇ ಕ್ಯಾಲಿಬ್ರೇಷನ್. ಸರಿಗೆ ತರುವ ಕೆಲಸಕ್ಕೆ ಅಡ್ಜಸ್ಟ್‌ಮೆಂಟ್ ಎನ್ನಬೇಕು. ಮೀಟರಿನ ಮೇಲೆ ಸ್ಟಿಕ್ಕರ್ ಇದೆ ಎಂದರೆ ಅಂತರವನ್ನು ಅಳೆದಿದ್ದಾರೆ ಎಂದು ಅರ್ಥ. ಅಂತರ ಇಲ್ಲ ಎಂದಲ್ಲ. ಅದು ತಿಳಿಯಬೇಕಾದರೆ ಸ್ಟಿಕ್ಕರ್ ಜೊತೆ ಬಂದ ಪ್ರಮಾಣಪತ್ರದ ಒಳಪುಟ ಓದಬೇಕು. ಬಹುಪಾಲು ಕಡೆ ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದಿರುವುದಿಲ್ಲ.

ತೇವಾಂಶ ಮೀಟರನ್ನು ಮಿಲ್ಲಿನಲ್ಲೇ ಒವನ್ ಜೊತೆ ಹೋಲಿಸಿ ನೋಡಬಹುದು:

1. ಲಾಟ್‌ನ ಬೇರೆ ಬೇರೆ ಚೀಲಗಳಿಂದ ಕಾಳು ತೆಗೆದು ಬೆರೆಸಿ, ಅರ್ಧ ಕೆಜಿಯಷ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಡ್ರೈಯರಿನಿಂದ ಬಿಸಿಬಿಸಿಯಾಗಿ ಬಂದ ಕಾಳು ಬೇಡ. ಅದು ಕೋಣೆಯ ಬಿಸಿಗೆ ಇಳಿಯುವವರೆಗೆ ಮೀಟರ್ ಹೇಳುವ ಅಂಕಿಯನ್ನು ನಂಬುವಂತಿಲ್ಲ.
2. ಮೀಟರಿನಲ್ಲಿ ಐದು ಸಲ ಅಳೆದು ಐದನ್ನೂ ಬರೆಯಿರಿ. ಸರಾಸರಿಯೊಂದನ್ನೇ ಬರೆದರೆ ಅರ್ಧ ಮಾಹಿತಿ ಹೋಯಿತು.
3. ಅದೇ ಡಬ್ಬಿಯ ಕಾಳನ್ನು ಪುಡಿ ಮಾಡಿ, ಮುಚ್ಚಳವಿರುವ ಲೋಹದ ಬಟ್ಟಲಿನಲ್ಲಿ 5 ಗ್ರಾಂ ತೂಗಿ. ತಕ್ಕಡಿ 0.001 ಗ್ರಾಂ ತೋರಿಸುವಂಥದ್ದಿರಲಿ. ತೇವಾಂಶ ಶೇ 17ಕ್ಕಿಂತ ಹೆಚ್ಚಿದ್ದರೆ ಪುಡಿ ಮಾಡುವಾಗಲೇ ನೀರು ಹಾರುತ್ತದೆ. ಆಗ ಮೊದಲು ಸ್ವಲ್ಪ ಒಣಗಿಸಿಕೊಂಡು, ಆ ಹಂತದಲ್ಲಿ ಹೋದ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು.
4. ಒವನ್ 130 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ 2 ಗಂಟೆ ಇಡಿ. ಹೊರತೆಗೆದು ಮುಚ್ಚಳ ಹಾಕಿ, ಡೆಸಿಕೇಟರಿನಲ್ಲಿ (ಒಳಗಿನ ಗಾಳಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆ) ತಣಿಸಿ ತೂಗಿ. ಬಿಸಿ ಬಟ್ಟಲನ್ನೇ ತಕ್ಕಡಿಗೆ ಇಟ್ಟರೆ ಮೇಲೇಳುವ ಗಾಳಿಯಿಂದ ತೂಕ ಕಡಿಮೆ ತೋರುತ್ತದೆ.
5. 5.000 ಗ್ರಾಂ ಇದ್ದದ್ದು 4.320 ಆಗಿದ್ದರೆ ಹೋದದ್ದು 0.680. ಅಂದರೆ ತೇವಾಂಶ ಶೇ 13.6. ಮೀಟರ್ 14.6 ತೋರಿಸಿದ್ದರೆ ದೋಷ +1.0.

ಒಂದೇ ತೇವಾಂಶದಲ್ಲಿ ನೋಡಿ ಮುಗಿಸಬೇಡಿ. 12, 14, 16ರ ಆಸುಪಾಸಿನ ಮೂರು ಮಾದರಿಗಳಾದರೂ ಬೇಕು. 14ರಲ್ಲಿ ಸರಿಯಿರುವ ಮೀಟರ್ 18ರಲ್ಲಿ ಎರಡು ಅಂಕ ತಪ್ಪಬಹುದು.

ಅಕ್ಯುರೆಸಿ, ಪ್ರಿಸಿಷನ್ ಎಂಬ ಜೋಡಿಯನ್ನೂ ಇಲ್ಲೇ ಬಿಡಿಸಿಕೊಳ್ಳಬಹುದು. ನಿಜವಾಗಿ 13.6 ಇರುವ ಆ ಕಾಳನ್ನೇ ಐದು ಸಲ ಅಳೆದಾಗ 14.6, 14.6, 14.5, 14.6, 14.7 ಬಂದರೆ ಪ್ರಿಸಿಷನ್ ಚೆನ್ನಾಗಿದೆ, ಅಕ್ಯುರೆಸಿ ಇಲ್ಲ. ತಪ್ಪು ಒಂದೇ ಸಮನಾಗಿದೆ, ಹಾಗಾಗಿ ಅಡ್ಜಸ್ಟ್ ಮಾಡಬಹುದು. 12.8, 14.5, 13.1, 14.2, 13.4 ಬಂದರೆ ಸರಾಸರಿ ಸರಿಯಾಗಿ 13.6. ಆದರೆ ಆ ಮೀಟರ್ ಕೆಲಸಕ್ಕೆ ಬಾರದು. ಅಡ್ಜಸ್ಟ್ ಮಾಡಲು ಹಿಡಿತವೇ ಇಲ್ಲ. ಬಟ್ಟಲಿಗೆ ಕಾಳು ಸುರಿಯುವ ರೀತಿ, ಬ್ಯಾಟರಿ, ಸೆನ್ಸರಿಗೆ ಅಂಟಿದ ದೂಳು, ಇವುಗಳಿಂದ ಹುಡುಕಾಟ ಶುರು ಮಾಡಿ.

ಒಂದು ಅಂಕದ ತಪ್ಪಿನ ಬೆಲೆ ಎಷ್ಟು? ಶೇ 20 ತೇವಾಂಶದ 100 ಕ್ವಿಂಟಲ್ ಭತ್ತದಲ್ಲಿ ಒಣ ಪದಾರ್ಥ 80 ಕ್ವಿಂಟಲ್. ಶೇ 14ಕ್ಕೆ ಒಣಗಿಸಿದರೆ 80ನ್ನು 0.86ರಿಂದ ಭಾಗಿಸಿ, 93.02 ಕ್ವಿಂಟಲ್ ಉಳಿಯಬೇಕು. ಒಂದು ಅಂಕ ಹೆಚ್ಚು ತೋರಿಸುವ ಮೀಟರನ್ನು ನಂಬಿ 14ಕ್ಕೆ ನಿಲ್ಲಿಸಿದರೆ ನಿಜದಲ್ಲಿ 13ಕ್ಕೆ ಹೋಗಿರುತ್ತೀರಿ. ಉಳಿಯುವುದು 91.95. ನೂರು ಕ್ವಿಂಟಲಿಗೆ ಒಂದು ಕ್ವಿಂಟಲ್ 7 ಕೆಜಿ ಗಾಳಿಗೆ ಹೋಯಿತು. ಅತಿ ಒಣಗಿದ ಕಾಳು ಮಿಲ್ಲಿನಲ್ಲಿ ನುಚ್ಚಾಗುವುದು ಬೇರೆ. ಅದೇ ಮೀಟರಿನಿಂದ ರೈತರ ಭತ್ತಕ್ಕೆ ತೇವಾಂಶದ ಕಡಿತ ಹಾಕಿದ್ದರೆ ಆ ಒಂದು ಅಂಕ ಅವರ ಜೇಬಿನಿಂದ ಹೋಗಿದೆ. ಮೀಟರ್ ಕಡಿಮೆ ತೋರಿಸುವಂಥದ್ದಾದರೆ ಚೀಲದೊಳಗೆ ಹಸಿ ಅಕ್ಕಿ, ಮಳೆಗಾಲದಲ್ಲಿ ಬೂಜು.

ತಪ್ಪು ಕಂಡ ಕೂಡಲೇ ಮೀಟರನ್ನು ಸರಿಮಾಡಿಬಿಡುವುದು ಎಲ್ಲ ಕಡೆ ಆಗುವ ಎಡವಟ್ಟು. ಮೊದಲು ಸಿಕ್ಕ ಸ್ಥಿತಿಯ ಅಂಕಿ ಬರೆಯಿರಿ, ಆಮೇಲೆ ಅಡ್ಜಸ್ಟ್ ಮಾಡಿ, ಆಮೇಲೆ ಮತ್ತೆ ಅಳೆದು ಬಿಟ್ಟ ಸ್ಥಿತಿಯ ಅಂಕಿ ಬರೆಯಿರಿ. ಸಿಕ್ಕ ಸ್ಥಿತಿಯ ಅಂಕಿ ಇಲ್ಲದಿದ್ದರೆ, ಹಿಂದಿನ ಕ್ಯಾಲಿಬ್ರೇಷನ್‌ನಿಂದ ಇಲ್ಲಿಯವರೆಗೆ ಅದೇ ಮೀಟರಿನಿಂದ ಪಾಸಾದ ಲಾಟ್‌ಗಳ ಗತಿ ಏನು ಎಂದು ಹೇಳಲು ಯಾರಿಂದಲೂ ಆಗದು.

ತಕ್ಕಡಿಯ ಮುದ್ರೆ ಇನ್ನೊಂದು ಸಂಗತಿ. ಕಾನೂನು ಮಾಪನಶಾಸ್ತ್ರ ಇಲಾಖೆ ಹಾಕುವ ಮುದ್ರೆಗೆ ಕಾನೂನಿನ ಭಾಷೆಯಲ್ಲಿ ವೆರಿಫಿಕೇಷನ್ ಎನ್ನುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಅದು 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ. ದೋಷ ಕಾನೂನಿನ ಮಿತಿಯೊಳಗಿದೆ, ವ್ಯಾಪಾರಕ್ಕೆ ಬಳಸಬಹುದು ಎಂದಷ್ಟೇ ಆ ಮುದ್ರೆ ಹೇಳುತ್ತದೆ. ದೋಷ ಎಷ್ಟು ಗ್ರಾಂ ಎಂದು ಹೇಳುವುದಿಲ್ಲ. ಕ್ಯಾಲಿಬ್ರೇಷನ್ ವರದಿ ಅಂಕಿ ಕೊಡುತ್ತದೆ, ವ್ಯಾಪಾರದ ಅನುಮತಿ ಕೊಡುವುದಿಲ್ಲ. ಎರಡೂ ಬೇಕು.

ಕ್ಯೂಸಿ, ಕ್ಯೂಎ

ಸರಕಿನ ಮೇಲೆ ಕೈಯಿಟ್ಟು ಮಾಡುವುದು ಕ್ಯೂಸಿ (ಕ್ವಾಲಿಟಿ ಕಂಟ್ರೋಲ್): ನುಚ್ಚು ಎಣಿಸುವುದು, ತೇವಾಂಶ ನೋಡುವುದು, ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರವಾದ ಸಾರ್ಟೆಕ್ಸ್‌ನಿಂದ ಬಂದ ಅಕ್ಕಿಯಲ್ಲಿ ಕಪ್ಪು ಕಾಳು ಹುಡುಕುವುದು. ಸರಕು ಕೆಡದಂತೆ ಮೊದಲೇ ಏರ್ಪಾಡು ಮಾಡಿ, ಆ ಏರ್ಪಾಡು ನಡೆಯುತ್ತಿದೆ ಎಂದು ಕೊಳ್ಳುವವರಿಗೆ ನಂಬಿಕೆ ಬರುವಂತೆ ತೋರಿಸುವುದು ಕ್ಯೂಎ (ಕ್ವಾಲಿಟಿ ಅಶೂರೆನ್ಸ್): ಯಾವ ಮೀಟರ್, ಗಂಟೆಗೆ ಎಷ್ಟು ಮಾದರಿ, ಮಿತಿ ಮೀರಿದರೆ ಮಿಲ್ ನಿಲ್ಲಿಸುವ ಅಧಿಕಾರ ಯಾರಿಗೆ. ರಾತ್ರಿ ಪಾಳಿಯಲ್ಲಿ ನುಚ್ಚು ಹೆಚ್ಚಾಯಿತೆಂದು ಹಿಡಿದವರು ಕ್ಯೂಸಿ. ಮಾಲೀಕರಿಗೆ ಫೋನ್ ಮಾಡದೆಯೇ ಮಿಲ್ ನಿಲ್ಲಿಸಬಹುದೆಂದು ಮೊದಲೇ ಬರೆದಿಟ್ಟದ್ದು ಕ್ಯೂಎ. ಸಣ್ಣ ಮಿಲ್ಲಿನಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಎರಡೂ ಒಂದೇ ಎಂದುಕೊಂಡು ಎರಡನೆಯದನ್ನು ಮಾಡದೇ ಬಿಡುವುದು ತಪ್ಪು.

ವೆರಿಫಿಕೇಷನ್, ವ್ಯಾಲಿಡೇಷನ್

ಪುಸ್ತಕದ ವ್ಯಾಖ್ಯೆಗಿಂತ ಅನ್ನದ ತಪ್ಪಲೆಯೇ ಇದನ್ನು ಚೆನ್ನಾಗಿ ಹೇಳುತ್ತದೆ. ಸೋನಾ ಮಸೂರಿಯ ಒಂದು ಲಾಟ್: ತೇವಾಂಶ 13.5, ನುಚ್ಚು ಒಪ್ಪಂದದ ಮಿತಿಯೊಳಗೆ, ಬಣ್ಣ ಸರಿ, ಕಲ್ಲಿಲ್ಲ. ಬರೆದುಕೊಟ್ಟ ಎಲ್ಲ ಅಂಶಕ್ಕೂ ಟಿಕ್ ಬಿತ್ತು. ಇದು ವೆರಿಫಿಕೇಷನ್, ಅಂದರೆ ಹೇಳಿದಂತೆ ಇದೆಯೇ ಎಂದು ನೋಡುವುದು. ಅದೇ ಅಕ್ಕಿ ಹೋಟೆಲಿಗೆ ಹೋಗಿ ಅನ್ನ ಉದುರುದುರಾಗದೆ ಮುದ್ದೆಯಾಯಿತು. ಹೊಸ ಅಕ್ಕಿ, ಹಳತಾಗಿರಲಿಲ್ಲ. ಒಪ್ಪಂದದ ಹಾಳೆಯಲ್ಲಿ 'ಎಷ್ಟು ತಿಂಗಳು ಹಳೆಯದು' ಎಂಬ ಸಾಲೇ ಇರಲಿಲ್ಲ. ವ್ಯಾಲಿಡೇಷನ್ ಬಿದ್ದದ್ದು ಅಲ್ಲಿ. ಬಳಸುವವರ ಕೆಲಸಕ್ಕೆ ಒದಗುತ್ತದೆಯೇ ಎಂದು ಒಲೆಯ ಮೇಲೆ ಇಟ್ಟು ನೋಡಿರಲಿಲ್ಲ.

ವಿಧಾನಕ್ಕೂ ವ್ಯಾಲಿಡೇಷನ್ ಇದೆ. ಸಿದ್ಧವಾದ ಸರಕನ್ನು ನೋಡಿ ತಪ್ಪು ಹಿಡಿಯಲು ಆಗದ ಕೆಲಸಗಳಿಗೆ ಅದು ಬೇಕೇಬೇಕು. ಸಾರವರ್ಧಿತ ಅಕ್ಕಿ ಒಳ್ಳೆಯ ಉದಾಹರಣೆ. 100 ಕೆಜಿ ಅಕ್ಕಿಗೆ 1 ಕೆಜಿ ಪೋಷಕಾಂಶದ ಕಾಳು ಬೆರೆಸಬೇಕು. ಬೆರೆತ ಅಕ್ಕಿಯ ಕೆಜಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಾನದಂಡ. ಪ್ರತಿ ಚೀಲವನ್ನು ಪ್ರಯೋಗಾಲಯಕ್ಕೆ ಕಳಿಸಲಾಗದು. ಆದ್ದರಿಂದ ಬ್ಲೆಂಡರ್ ಸಮನಾಗಿ ಬೆರೆಸುತ್ತದೆ ಎಂದು ಶುರುವಿನಲ್ಲೇ ಸಾಬೀತು ಮಾಡಿಕೊಳ್ಳಬೇಕು. ಎಂದಿನ ವೇಗದಲ್ಲಿ ಒಂದು ಗಂಟೆ ಓಡಿಸಿ, ಸಮ ಅಂತರದಲ್ಲಿ ಹತ್ತು ಮಾದರಿ ತೆಗೆದು, ಪೋಷಕಾಂಶದ ಕಾಳನ್ನು ಹೆಕ್ಕಿ ತೂಗಿ.

ಮಾದರಿಯ ಗಾತ್ರದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಒಂದು ಪೋಷಕಾಂಶದ ಕಾಳು 20 ಮಿಲಿಗ್ರಾಂ ಎಂದಿಟ್ಟುಕೊಂಡರೆ 100 ಗ್ರಾಂ ಮಾದರಿಯಲ್ಲಿ ಸುಮಾರು 50 ಕಾಳು ಇರುತ್ತವೆ. ಬ್ಲೆಂಡರ್ ಎಷ್ಟೇ ಚೆನ್ನಾಗಿದ್ದರೂ ಆಕಸ್ಮಿಕವಾಗಿಯೇ ಅದು 43 ಆಗುವುದು, 57 ಆಗುವುದು ಮಾಮೂಲು. ಅಂದರೆ ಶೇ 14ರಷ್ಟು ಏರಿಳಿತ, ಯಂತ್ರದ ತಪ್ಪಿಲ್ಲದೆ. 1 ಕೆಜಿ ಮಾದರಿ ತೆಗೆದರೆ ಸುಮಾರು 500 ಕಾಳು, ಏರಿಳಿತ ಶೇ 4.5ಕ್ಕೆ ಇಳಿಯುತ್ತದೆ. ನೂರು ಗ್ರಾಂ ನೋಡಿ ಬ್ಲೆಂಡರನ್ನು ಬೈಯಬೇಡಿ.

ಒಮ್ಮೆ ವ್ಯಾಲಿಡೇಷನ್ ಆದ ಮೇಲೆ ಪಾಳಿ ಪಾಳಿಗೆ ಮಾಡುವುದು ವೆರಿಫಿಕೇಷನ್: ಎರಡೂ ಫೀಡರಿನಿಂದ ಒಂದು ನಿಮಿಷಕ್ಕೆ ಎಷ್ಟು ಬೀಳುತ್ತದೆ ಎಂದು ತೂಗಿ, ಅನುಪಾತ ಬರೆಯುವುದು. ಫೀಡರ್ ಬದಲಾದರೆ, ವೇಗ ಹೆಚ್ಚಿಸಿದರೆ, ಉದ್ದ ಕಾಳಿನ ಬೇರೆ ತಳಿ ಬಂದರೆ ಹಳೆಯ ವ್ಯಾಲಿಡೇಷನ್ ನಿಲ್ಲುವುದಿಲ್ಲ, ಮತ್ತೆ ಮಾಡಬೇಕು.

ಒಪ್ಪಂದದ ಮಿತಿ ಬೇರೆ, ಕಂಟ್ರೋಲ್ ಮಿತಿ ಬೇರೆ

ಕೊಳ್ಳುವವರು ಅಥವಾ ಕಾನೂನು ಹೇಳುವುದು ಸ್ಪೆಸಿಫಿಕೇಷನ್ ಮಿತಿ. ನಿಮ್ಮ ಯಂತ್ರವೇ ತನ್ನ ನಡತೆಯಿಂದ ಹೇಳುವುದು ಕಂಟ್ರೋಲ್ ಮಿತಿ. ಚೀಲ ತುಂಬುವ ಯಂತ್ರವನ್ನು ನೋಡಿ. ಘೋಷಿಸಿದ ತೂಕ 25 ಕೆಜಿ. ಪ್ಯಾಕ್ ಮಾಡಿದ ಸರಕಿನ ನಿಯಮದಂತೆ ಒಂದೊಂದು ಚೀಲದಲ್ಲಿ ಶೇ 1, ಅಂದರೆ 250 ಗ್ರಾಂ ದೋಷಕ್ಕೆ ಅವಕಾಶ. ಆದರೆ ಸರಾಸರಿ 25ಕ್ಕಿಂತ ಕಡಿಮೆ ಆಗಬಾರದು. 

ಗಂಟೆಗೊಮ್ಮೆ ಸಾಲಾಗಿ ಬಂದ ಐದು ಚೀಲ ತೂಗಿ, ಖಾಲಿ ಚೀಲದ ತೂಕ ಕಳೆಯಿರಿ. ಐದರ ಸರಾಸರಿ, ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರ ಎರಡನ್ನೂ ಬರೆಯಿರಿ. ಇಂಥ 20ರಿಂದ 25 ಗುಂಪು ಕೂಡಿದ ಮೇಲೆ, ಸರಾಸರಿಗಳ ಸರಾಸರಿ 25.06, ಅಂತರಗಳ ಸರಾಸರಿ 0.08 ಬಂತೆನ್ನಿ. ಐದರ ಗುಂಪಿಗೆ ಗುಣಕ 0.577. 0.577 ಗುಣಿಸು 0.08 ಅಂದರೆ 0.046. ಇದನ್ನು 25.06ರಿಂದ ಕಳೆದು, ಅದಕ್ಕೇ ಕೂಡಿಸಿದರೆ ಕಂಟ್ರೋಲ್ ಮಿತಿ 25.014ರಿಂದ 25.106.

ನಾಳೆ ಒಂದು ಗುಂಪಿನ ಸರಾಸರಿ 25.13 ಬಂದರೆ? ಕಾನೂನಿನ ದೃಷ್ಟಿಯಿಂದ ಯಾವ ಚೀಲವೂ ತಪ್ಪಿಲ್ಲ, ಲೋಡ್ ಹೋಗಬಹುದು. ಆದರೆ ಯಂತ್ರದಲ್ಲಿ ಏನೋ ಬದಲಾಗಿದೆ. ಗೇಟ್ ತಡವಾಗಿ ಮುಚ್ಚುತ್ತಿರಬಹುದು, ತಕ್ಕಡಿಯ ಸೊನ್ನೆ ಸರಿದಿರಬಹುದು. ಹೋಗಿ ನೋಡಬೇಕು. ಮಿತಿಯೊಳಗೇ ಇರುವ ಒಂದೊಂದು ಚೀಲದ ಏರಿಳಿತಕ್ಕೆ ಪ್ರತಿ ಸಲ ಗುಂಡಿ ತಿರುಗಿಸುತ್ತ ಕೂತರೆ ಮಾತ್ರ ಏರಿಳಿತ ಇನ್ನೂ ಹೆಚ್ಚುತ್ತದೆ. ಇನ್ನೊಂದು ಎಚ್ಚರ: ಕಂಟ್ರೋಲ್ ಮಿತಿ ಐದರ ಸರಾಸರಿಗೆ, ಕಾನೂನಿನ 250 ಗ್ರಾಂ ಒಂದೊಂದು ಚೀಲಕ್ಕೆ. ಎರಡನ್ನೂ ಒಂದೇ ಚಾರ್ಟಿನ ಮೇಲೆ ಗೆರೆ ಎಳೆದರೆ ನೋಡುವವರ ಕಣ್ಣು ಕೆಡುತ್ತದೆ. ಅಂದಹಾಗೆ 25.06 ಎಂದರೆ ಚೀಲಕ್ಕೆ 60 ಗ್ರಾಂ ದಾನ. ದಿನಕ್ಕೆ ಸಾವಿರ ಚೀಲವಾದರೆ 60 ಕೆಜಿ ಅಕ್ಕಿ.

ಮಾದರಿ ನೋಡಿ ಪಾಸ್ ಮಾಡುವುದು

ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಎರಡು ಲೆಕ್ಕ ದಿನವೂ ಕಾಣುತ್ತವೆ. ಬಟ್ಟೆ ಬಂದಾಗ ನಾಲ್ಕು ಅಂಕದ ಪದ್ಧತಿ: 3 ಇಂಚಿನವರೆಗಿನ ದೋಷಕ್ಕೆ 1 ಅಂಕ, 6ರವರೆಗೆ 2, 9ರವರೆಗೆ 3, ಮೇಲಿನದಕ್ಕೆ 4. ಒಂದು ಗಜಕ್ಕೆ 4ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಒಟ್ಟು ಅಂಕವನ್ನು 3600ರಿಂದ ಗುಣಿಸಿ, ಗಜದ ಉದ್ದ ಮತ್ತು ಇಂಚಿನ ಅಗಲದ ಗುಣಲಬ್ಧದಿಂದ ಭಾಗಿಸಿ. 58 ಇಂಚು ಅಗಲದ 100 ಗಜದ ಥಾನಿನಲ್ಲಿ 52 ಅಂಕ ಬಂದರೆ 32.3. ಸಾಮಾನ್ಯವಾಗಿ 100 ಚದರ ಗಜಕ್ಕೆ 40ರ ಒಳಗಿದ್ದರೆ ಒಪ್ಪುತ್ತಾರೆ.

ಸಿದ್ಧ ಪ್ಯಾಂಟುಗಳಿಗೆ ಎಕ್ಯೂಎಲ್ (ಅಕ್ಸೆಪ್ಟೆನ್ಸ್ ಕ್ವಾಲಿಟಿ ಲಿಮಿಟ್): ಎಷ್ಟು ಪೀಸ್ ತೆಗೆದು ನೋಡಬೇಕು, ಎಷ್ಟು ದೋಷಕ್ಕೆ ಲಾಟ್ ವಾಪಸ್ ಎಂದು ಹೇಳುವ ಕೋಷ್ಟಕದ ಲೆಕ್ಕ. 1000 ಪೀಸಿನ ಲಾಟ್, ತಪಾಸಣೆಯ ಸಾಮಾನ್ಯ ಹಂತ 2, ಎಕ್ಯೂಎಲ್ 2.5 ಎಂದರೆ 80 ಪೀಸ್ ತೆಗೆದು ನೋಡಬೇಕು. ದೋಷದ ಪೀಸ್ 5ರವರೆಗೆ ಪಾಸ್, 6 ಸಿಕ್ಕರೆ ಇಡೀ ಲಾಟ್ ವಾಪಸ್. "ನೂರಕ್ಕೆ ಎರಡೂವರೆ ಕೆಟ್ಟಿದ್ದರೆ ನಡೆಯುತ್ತದೆ" ಎಂಬ ಪರವಾನಗಿ ಇದಲ್ಲ. ಪಾಸಾಯಿತು ಎಂದ ಮಾತ್ರಕ್ಕೆ ಲಾಟ್ ಚೆನ್ನಾಗಿದೆ ಎಂದೂ ಅಲ್ಲ. ಶೇ 10 ಕೆಟ್ಟ ಪೀಸಿರುವ ಲಾಟ್ ಕೂಡ ಈ ಲೆಕ್ಕದಲ್ಲಿ ಐದಾರು ಸಲಕ್ಕೊಮ್ಮೆ ಪಾರಾಗುತ್ತದೆ. 80 ಪೀಸನ್ನು ಮೇಲಿನ ಎರಡು ಬಂಡಲಿನಿಂದಲೇ ಎತ್ತಿದರೆ ಆ ಲೆಕ್ಕವೂ ಉಳಿಯುವುದಿಲ್ಲ.

ಕರೆಕ್ಷನ್, ಕರೆಕ್ಟಿವ್ ಆ್ಯಕ್ಷನ್

ಮತ್ತೆ ಮಿಲ್ಲಿಗೆ ಬರೋಣ. ಮಧ್ಯಾಹ್ನ ಎರಡರ ಮಾದರಿಯಲ್ಲಿ ಶೇ 8 ಇದ್ದ ನುಚ್ಚು ಮೂರರ ಮಾದರಿಯಲ್ಲಿ 14ಕ್ಕೆ ಏರಿದೆ. ಎರಡರಿಂದ ಮೂರರ ನಡುವೆ ತುಂಬಿದ ಚೀಲಗಳನ್ನೂ ಸೇರಿಸಿ ಬದಿಗಿಟ್ಟು, ಗ್ರೇಡರಿಗೆ ಮತ್ತೆ ಹಾಕಿ ನುಚ್ಚು ಬೇರ್ಪಡಿಸಿದ್ದು ಕರೆಕ್ಷನ್. ಆದ ತಪ್ಪಿಗೆ ಮದ್ದು. ಕಾರಣ ಇನ್ನೂ ಹಾಗೇ ಇದೆ.

ಭತ್ತದ ಹೊಟ್ಟು ಬಿಡಿಸುವ ಶೆಲ್ಲರ್ ತೆರೆದರೆ ರಬ್ಬರ್ ರೋಲ್ ಒಂದು ಬದಿ ಮಾತ್ರ ಸವೆದಿದೆ. ಸವೆದ ಬದಿಯಲ್ಲಿ ಹೊಟ್ಟು ಬಿಡುತ್ತಿಲ್ಲವೆಂದು ಆಪರೇಟರ್ ರೋಲ್‌ಗಳ ನಡುವಿನ ಸಂದು ಬಿಗಿ ಮಾಡಿದ್ದಾರೆ. ಸವೆಯದ ಬದಿಯಲ್ಲಿ ಕಾಳು ಒಡೆಯುತ್ತಿದೆ. ಒಂದೇ ಬದಿ ಸವೆದದ್ದೇಕೆ? ಭತ್ತ ಬೀಳುವ ತಗಡು ಬಾಗಿ, ರೋಲಿನ ಪೂರಾ ಅಗಲಕ್ಕೆ ಹರಡದೆ ಒಂದೇ ಕಡೆ ಸುರಿಯುತ್ತಿತ್ತು. ತಗಡು ನೆಟ್ಟಗೆ ಮಾಡಿ, ವಾರಕ್ಕೊಮ್ಮೆ ಅದರ ಹರವು ನೋಡುವ ಸಾಲನ್ನು ಪಟ್ಟಿಗೆ ಸೇರಿಸಿದ್ದು ಕರೆಕ್ಟಿವ್ ಆ್ಯಕ್ಷನ್. ಪಕ್ಕದ ಶೆಲ್ಲರಿನಲ್ಲಿ ಇನ್ನೂ ಏನೂ ಆಗಿಲ್ಲ, ಆದರೂ ಅದರ ತಗಡನ್ನೂ ನೋಡಿದ್ದು ಪ್ರಿವೆಂಟಿವ್. ಐಎಸ್‌ಒ 9001 ಎಂಬ ಗುಣಮಟ್ಟ ನಿರ್ವಹಣೆಯ ಮಾನದಂಡದ 2015ರ ಆವೃತ್ತಿಯಲ್ಲಿ ಪ್ರಿವೆಂಟಿವ್ ಆ್ಯಕ್ಷನ್ ಎಂಬ ಪ್ರತ್ಯೇಕ ಕಲಮು ಇಲ್ಲ. ಅಪಾಯವನ್ನು ಮುಂದಾಗಿ ಯೋಚಿಸುವುದನ್ನು ಇಡೀ ವ್ಯವಸ್ಥೆಗೇ ಹರಡಿದ್ದಾರೆ. ನಮ್ಮ ಕಡತಗಳಲ್ಲಿ ಮಾತ್ರ 'ಕ್ಯಾಪಾ' (ಕರೆಕ್ಟಿವ್, ಪ್ರಿವೆಂಟಿವ್ ಆ್ಯಕ್ಷನ್ ಎಂಬುದರ ಚಿಕ್ಕ ರೂಪ) ಗಟ್ಟಿಯಾಗಿ ಕೂತಿದೆ.

"ಕೆಲಸಗಾರರಿಗೆ ತಿಳಿಹೇಳಲಾಯಿತು" ಎಂಬ ಸಾಲನ್ನು ಕರೆಕ್ಟಿವ್ ಆ್ಯಕ್ಷನ್ ಕಾಲಮ್ಮಿನಲ್ಲಿ ಕಂಡರೆ ಕಾರಣವನ್ನು ಯಾರೂ ಹುಡುಕಿಲ್ಲ ಎಂದು ತಿಳಿಯಿರಿ. ತಿಳಿಹೇಳಿದರೆ ಬಾಗಿದ ತಗಡು ನೆಟ್ಟಗಾಗುವುದಿಲ್ಲ.

ಬದಿಗಿಟ್ಟ ಸರಕಿಗೂ ಬೇರೆ ಬೇರೆ ಹೆಸರಿದೆ. ಜೀನ್ಸಿನಲ್ಲಿ ಹೊಲಿಗೆ ಬಿಟ್ಟಿದ್ದನ್ನು ಬಿಚ್ಚಿ ಮತ್ತೆ ಹೊಲಿದು ಮೊದಲಿನ ಅಳತೆಗೇ ತಂದರೆ ರೀವರ್ಕ್. ಬ್ಲೀಚಿನಿಂದ ತೂತಾದ ಕಡೆ ತೇಪೆ ಹಾಕಿದರೆ ರಿಪೇರಿ. ಉಡಲು ಬರುತ್ತದೆ, ಆದರೆ ಹೇಳಿದಂತೆ ಆಗಲಿಲ್ಲ, ಹಾಗಾಗಿ ಕೊಳ್ಳುವವರ ಒಪ್ಪಿಗೆ ಬೇಕು. ವಾಷಿಂಗ್‌ನಲ್ಲಿ ಬಣ್ಣ ತಿಳಿಯಾದ ಲಾಟನ್ನು ಸೆಕೆಂಡ್ಸ್ ಎಂದು ಮಾರಿದರೆ ರೀಗ್ರೇಡ್. ಅದೇ ಬಣ್ಣವನ್ನು ಈ 300 ಪೀಸಿಗೆ ಮಾತ್ರ ಒಪ್ಪುತ್ತೇವೆ ಎಂದು ಕೊಳ್ಳುವವರು ಬರೆದುಕೊಟ್ಟರೆ ಕನ್ಸೆಷನ್. ಹೊಲಿಯುವ ಮೊದಲೇ "ಬೇರೆ ಜಿಪ್ ಹಾಕಬಹುದೇ" ಎಂದು ಕೇಳಿ ಪಡೆದದ್ದು ಡೀವಿಯೇಷನ್. ಫೋನಿನಲ್ಲಿ "ಆಯ್ತು ಕಳಿಸ್ರಿ" ಎಂದದ್ದು ಇವೆರಡರಲ್ಲಿ ಯಾವುದೂ ಅಲ್ಲ.

ಆಡಿಟ್, ಸರ್ಟಿಫಿಕೇಟ್

ಇನ್‌ಸ್ಪೆಕ್ಷನ್ ಚೀಲ ನೋಡುತ್ತದೆ, ಆಡಿಟ್ ಚೀಲ ನೋಡುವ ಪದ್ಧತಿಯನ್ನು ನೋಡುತ್ತದೆ. ನಿಮ್ಮವರೇ ಮಾಡಿದರೆ ಮೊದಲ ಪಕ್ಷದ್ದು, ಕೊಳ್ಳುವವರು ಮಾಡಿದರೆ ಎರಡನೆಯದು, ಹೊರಗಿನ ಸಂಸ್ಥೆಯದು ಮೂರನೆಯದು. ಅಕ್ಕಿ ಚೀಲದ ಮೇಲೆ 'ಐಎಸ್‌ಒ ಪ್ರಮಾಣಿತ ಅಕ್ಕಿ' ಎಂದು ಅಚ್ಚು ಹಾಕುವುದು ತಪ್ಪು. ಐಎಸ್‌ಒ 9001 ಪ್ರಮಾಣಪತ್ರ ನಿಮ್ಮ ಆಡಳಿತ ಪದ್ಧತಿಗೆ, ಅಕ್ಕಿಗಲ್ಲ. ಅದನ್ನು ಕೊಡುವುದೂ ಐಎಸ್‌ಒ ಅಲ್ಲ, ಪ್ರಮಾಣೀಕರಣ ಸಂಸ್ಥೆಗಳು. ಸರಕಿಗೇ ಸಿಗುವ ಗುರುತು ಬೇಕಿದ್ದರೆ ಕಬ್ಬಿಣದ ಟಿಎಂಟಿ ಸರಳಿನ ಮೇಲಿನ ಐಎಸ್ಐ ಗುರುತನ್ನು ನೋಡಿ, ಅದು ಐಎಸ್ 1786 ಎಂಬ ಸರಳಿನ ಮಾನದಂಡಕ್ಕೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಎಂಬ ಮಂಡಳಿ ಕೊಡುವುದು ಅಕ್ರೆಡಿಟೇಷನ್, ಅಂದರೆ ಪರೀಕ್ಷಿಸುವ ಸಾಮರ್ಥ್ಯಕ್ಕೆ ಮಾನ್ಯತೆ. ಅದೂ ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ ಮಾತ್ರ. ತೇವಾಂಶಕ್ಕೆ ಇದ್ದು ಕಬ್ಬಿಣಾಂಶಕ್ಕೆ ಇಲ್ಲದಿರಬಹುದು, ಪಟ್ಟಿ ಕೇಳಿ ನೋಡಿ.

ಟ್ರೇಸೆಬಿಲಿಟಿ

ಸರಕು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ದಾಖಲೆಯ ಜಾಡು ಹಿಡಿಯಲು ಆಗುವುದೇ ಟ್ರೇಸೆಬಿಲಿಟಿ. ಇದನ್ನು ಪರೀಕ್ಷಿಸಲು ಗೋದಾಮಿನಿಂದ ಒಂದು ಚೀಲ ಎತ್ತಿಕೊಳ್ಳಿ. ಚೀಲದ ಲಾಟ್ ಸಂಖ್ಯೆಯಿಂದ ತುಂಬಿದ ಪಾಳಿ, ಅಂದಿನ ತೂಕದ ಚಾರ್ಟ್, ಆ ಗಂಟೆಯ ನುಚ್ಚಿನ ಅಂಕಿ, ಅಳೆದ ಮೀಟರಿನ ಸಂಖ್ಯೆ, ಅದರ ಕ್ಯಾಲಿಬ್ರೇಷನ್ ಹಾಳೆ, ಡ್ರೈಯರಿನ ಬ್ಯಾಚ್, ಕೊನೆಗೆ ಭತ್ತ ತಂದ ಲೋಡಿನ ಚೀಟಿಯವರೆಗೆ ಹಿಂದಕ್ಕೆ ಹೋಗಿ. ಆಮೇಲೆ ಅದೇ ಲೋಡಿನಿಂದ ಮುಂದಕ್ಕೆ ಬನ್ನಿ: ಅದರ ಅಕ್ಕಿ ಯಾವ ಯಾವ ಅಂಗಡಿಗೆ ಹೋಯಿತು? ಸರಪಳಿ ಹೆಚ್ಚಾಗಿ ತುಂಡಾಗುವುದು ಕಚೇರಿಯಲ್ಲಿ ಅಲ್ಲ, ಭತ್ತ ಸುರಿಯುವ ಗುಂಡಿಯಲ್ಲಿ. ಒಂದು ಲೋಡ್ ಖಾಲಿಯಾಗುವ ಮುಂಚೆ ಹಮಾಲರು ಇನ್ನೊಂದನ್ನು ಸುರಿದಿರುತ್ತಾರೆ, ರಿಜಿಸ್ಟರಿನಲ್ಲಿ ಮಾತ್ರ ಎರಡು ಲಾಟ್ ಬೇರೆ ಬೇರೆಯಾಗಿರುತ್ತವೆ. ಅಂಥ ಕಡೆ ಎರಡನ್ನೂ ಕೂಡಿಸಿ ಒಂದೇ ಲಾಟ್ ಸಂಖ್ಯೆ ಕೊಟ್ಟು, ಚೀಟಿಗಳೆರಡನ್ನೂ ಅದಕ್ಕೇ ಲಗತ್ತಿಸಿ.